ಕೇಸ್ ಶೀಟ್ ಕೇಳಿ, ಅದು ಭಿಕ್ಷೆಯಲ್ಲ

ಇವತ್ತು ತಲೆ ಕೆಟ್ಟಿದೆ. ಕಲಬುರಗಿ ಕೋರ್ಟ್ ಹತ್ತಿರದ ನನ್ನ ಟೈಪಿಂಗ್ ಅಂಗಡಿ ನಿಮಗೆಲ್ಲ ಗೊತ್ತಲ್ಲ. ಮಧ್ಯಾಹ್ನ ಅಫಜಲಪುರ ಕಡೆಯ ಹುಡುಗನೊಬ್ಬ ಬಂದ. ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ, ಕೂಸು ಉಳಿದಿದೆ. ಗ್ರಾಹಕರ ಆಯೋಗಕ್ಕೆ ಪರಿಹಾರದ ದೂರು ಬರೆಸಬೇಕು. ಕೈಯಲ್ಲಿ ಇದ್ದದ್ದು ಬಿಲ್ಲು ಮತ್ತು ಒಂದೇ ಹಾಳೆಯ ವರದಿ. "ಫೈಲ್ ಕೇಳಿದ್ರ ಕೊಡಾಕ ಬರಂಗಿಲ್ಲ ಅಂದ್ರು ಅಕ್ಕಾ" ಅಂದ.

ಬರಂಗಿಲ್ಲವಂತೆ! ವೈದ್ಯರ ನಡವಳಿಕೆಗೆ 2002ರ ನಿಯಮವೇ ಇದೆ. ರೋಗಿ ಅಥವಾ ಅವರ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಇಟ್ಟುಕೊಳ್ಳಲೂಬೇಕು. ನೋವು ಯಾವಾಗ ಶುರುವಾಯಿತು, ಕೂಸಿನ ಎದೆಬಡಿತ ಎಷ್ಟು ಸಲ ನೋಡಿದರು, ರಕ್ತ ಹೋಗೋಕೆ ಶುರುವಾದ ಮೇಲೆ ರಕ್ತದ ಬಾಟಲಿ ಎಷ್ಟೊತ್ತಿಗೆ ಬಂತು, ಎಲ್ಲ ಇರೋದು ಆಸ್ಪತ್ರೆಯವರು ಚಿಕಿತ್ಸೆಯ ವಿವರ ಬರೆದಿಡೋ ಕೇಸ್ ಶೀಟ್‌ನಲ್ಲೇ. ಬಾಣಂತಿ ಸತ್ತಳು ಅನ್ನೋದರಿಂದಲೇ ನಿರ್ಲಕ್ಷ್ಯ ಸಾಬೀತಾಗಲ್ಲ. ಆ ಗಂಟೆಗಳ ಲೆಕ್ಕ ಬೇಕು.

ನಮ್ಮವರೇನು ಮಾಡ್ತಾರೆ? ಮೊದಲು ಆಸ್ಪತ್ರೆಯ ಗಾಜು ಒಡೀತಾರೆ. ಆಮೇಲೆ ಊರಿನ ದೊಡ್ಡವರೊಬ್ಬರು ನಡುವೆ ಬಂದು ಒಂದಿಷ್ಟು ದುಡ್ಡು ಕೊಡಿಸಿ ಸಹಿ ಹಾಕಿಸ್ತಾರೆ. ಎಷ್ಟು ದೊಡ್ಡ ಮನಸ್ಸು! ಸಹಿ ಹಾಕದವರು 'ವರ್ಷದ ಕಾರ್ಯ ಮುಗೀಲಿ' ಅಂತ ಕೂರ್ತಾರೆ. ಆಯೋಗಕ್ಕೆ ದೂರು ಕೊಡೋಕೆ ಇರೋದು ಎರಡೇ ವರ್ಷ. ಕೇಸ್ ಶೀಟ್ ಮಾತ್ರ ಯಾರೂ ಕೇಳಿರಲ್ಲ.

ಡಾಕ್ಟರ್ ಗೆಳೆಯರು ಹೇಳ್ತಾರೆ, ಹೀಗೆ ಕೇಸ್ ಹಾಕಿದರೆ ಚಿಂಚೋಳಿ, ಸುರಪುರಕ್ಕೆ ಯಾವ ಡಾಕ್ಟರೂ ಬರಲ್ಲ ಅಂತ. ಇರಬಹುದು. ಆದರೆ ಸರಿಯಾಗಿ ನೋಡಿಕೊಂಡ ಡಾಕ್ಟರನ್ನು ಕಾಯೋದೂ ಅದೇ ಹಾಳೆ ಅಲ್ವಾ? ಜೆರಾಕ್ಸ್ ಕೊಡೋಕೆ ಯಾಕಪ್ಪ ಭಯ?

ಇನ್ನೊಂದು ಮಾತು. ಆಸ್ಪತ್ರೆ ಸೊಲ್ಲಾಪುರದ್ದಾದರೂ ಹೈದರಾಬಾದಿನದ್ದಾದರೂ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಟ್ಟಿದ ಬಿಲ್ಲು ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎಲ್ಲರಿಗೂ ಪುಕ್ಕಟೆ ನೋಡೋ ಸರ್ಕಾರಿ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ. ಸುಪ್ರೀಂ ಕೋರ್ಟ್ 1995ರಲ್ಲೇ ಹಾಗೆ ಹೇಳಿದೆ. ಅಲ್ಲಿ ಹೆರಿಗೆಗೆ ಹೋದವರ ಕಡೆಯವರು ಸಿವಿಲ್ ಕೋರ್ಟ್, ಹೈಕೋರ್ಟ್ ಅಂತ ಅಲೀಬೇಕು. ಬಡವರಿಗೇ ಉದ್ದದ ದಾರಿ. ಇದನ್ನು ನೆನೆದರೆ ಇನ್ನೂ ಸಿಟ್ಟು ಬರುತ್ತೆ.

ನಿಜ ಹೇಳಬೇಕೆಂದರೆ ನನಗೀಗ ಸಿಟ್ಟಿಗಿಂತ ಹೆದರಿಕೆ ಜಾಸ್ತಿ. ಅಕ್ಕನ ಮಗಳು ಈಗ ಒಂಬತ್ತು ತಿಂಗಳ ಬಸುರಿ. ಅವಳ ಗಂಡನಿಗೆ ಫೋನ್ ಮಾಡಿ, ಏನೇ ಆದರೂ ಕೇಸ್ ಶೀಟ್ ಬರವಣಿಗೆಯಲ್ಲೇ ಕೇಳು, ಅರ್ಜಿ ಕೊಟ್ಟದ್ದಕ್ಕೆ ಸೀಲು ಹಾಕಿಸ್ಕೋ ಅಂದೆ. "ಶುಭ ಮಾತಾಡ್ರಿ ಚಿಗವ್ವಾ" ಅಂತ ಬೈಸಿಕೊಂಡೆ. ಬೈಲಿ. ಅರ್ಜಿಯ ನಮೂನೆ ಟೈಪ್ ಮಾಡಿ ಇಟ್ಟಿದ್ದೇನೆ. ಬೇಕಾದವರು ಕೇಳಿ, ಕಳಿಸ್ತೇನೆ. ಟೈಪಿಂಗ್ ದುಡ್ಡು ಬೇಡ.