ದೋಣಿ ಮೊದಲು ದೋಣಿಯಾಗಿರಲಿ

ಜೂನ್ ಬಂತೆಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿದ, ಇಲ್ಲವೇ ದಡಕ್ಕೆಳೆದು ತಾಡಪತ್ರಿ ಹೊದಿಸಿದ ದೋಣಿಗಳ ಛಾಯಾಚಿತ್ರಗಳು ಫೇಸ್‌ಬುಕ್ಕಿನಲ್ಲಿ ಕಾಣಿಸಿಕೊಳ್ಳತೊಡಗುತ್ತವೆ. ಅವುಗಳ ಕೆಳಗೆ ಬೀಳುವ ಮಾತುಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ: ಒಂಟಿತನ, ಮುಗಿದ ಬಾಳು, ದಡ ಸೇರಿದ ಜೀವ. ಆ ದೋಣಿಗಳು ದಡದಲ್ಲಿರುವುದಕ್ಕೆ ಕಾರಣ ಮಾತ್ರ ಬಹಳ ಸರಳವಾದದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟಾಗಿರುತ್ತದೆ. ಈ ಎರಡು ತಿಂಗಳಲ್ಲಿ ಹರಿದ ಬಲೆಗಳ ದುರಸ್ತಿಯಾಗಬೇಕು, ಎಂಜಿನ್ ಬಿಚ್ಚಿ ನೋಡಬೇಕು, ಬಣ್ಣ ಬಳಿಯಬೇಕು, ಆಗಸ್ಟಿನ ಡೀಸೆಲ್ಲಿಗೆ ಹಣ ಹೊಂದಿಸಬೇಕು. ಇಷ್ಟನ್ನು ತಿಳಿದು ನೋಡುವವನಿಗೆ ಅದೇ ಚಿತ್ರದಲ್ಲಿ ಮುಂದಿನ ಹಂಗಾಮಿನ ಸಿದ್ಧತೆ ಕಾಣುತ್ತದೆ. ಸಂಕೇತ ಬೇಕೇ ಬೇಕೆನ್ನುವುದಾದರೆ ಅಲ್ಲಿರುವುದು ಕಾಯುವಿಕೆ. ಅಂತ್ಯವನ್ನು ನೋಡುಗರು ಮನೆಯಿಂದಲೇ ತಂದಿರುತ್ತಾರೆ.

ಹಾಗೆಂದು, ಚಿತ್ರದಲ್ಲಾಗಲಿ ಕಾವ್ಯದಲ್ಲಾಗಲಿ ಸಂಕೇತ ಹುಡುಕುವುದೇ ವ್ಯರ್ಥವೆಂದು ಕೈಕೊಡವುವವರ ಪಕ್ಷವೂ ನನ್ನದಲ್ಲ. ಹುಡುಕಬೇಕು, ಆದರೆ ವಸ್ತುವನ್ನು ವಸ್ತುವಾಗಿ ನೋಡಿ ಮುಗಿಸಿದ ಮೇಲೆ. ಇದು ನಾನು ಹೊಸದಾಗಿ ಕಂಡುಕೊಂಡ ನಿಯಮವೇನೂ ಅಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಧ್ವನಿಯನ್ನು, ಅಂದರೆ ಸೂಚಿತಾರ್ಥವನ್ನು, ಕಾವ್ಯದ ಆತ್ಮವೆಂದು ಕರೆದವನು. ಆದರೂ, ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ ಧ್ವನಿ ಬೇಕಾದವನು ವಾಚ್ಯಾರ್ಥವನ್ನು, ಅಂದರೆ ಮಾತಿನ ನೇರ ಅರ್ಥವನ್ನು, ಆದರಿಸಬೇಕೆಂದು ಅವನೇ ಹೇಳಿದ್ದಾನೆ. ಅಲಂಕಾರಶಾಸ್ತ್ರದವರು ಮತ್ತೆ ಮತ್ತೆ ಕೊಡುವ 'ಗಂಗೆಯಲ್ಲಿ ಹಟ್ಟಿ' ಎಂಬ ಉದಾಹರಣೆಯಲ್ಲಿಯೂ ಇದೇ ಶಿಸ್ತು ಇದೆ. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದು, ಆದ್ದರಿಂದ ನೇರ ಅರ್ಥಕ್ಕೆ ಬಾಧೆ ಬಂತು. ಬಾಧೆ ಬಂದದ್ದರಿಂದ ದಡವೆಂಬ ಅರ್ಥಕ್ಕೆ ಹೋದೆವು. ದಡವೆನ್ನದೆ ಗಂಗೆಯೆಂದೇ ಹೇಳಿದ್ದರಿಂದ ತಂಪೂ ಪಾವಿತ್ರ್ಯವೂ ಹೊಳೆದವು. ನೇರ ಅರ್ಥವು ತಾನಾಗಿಯೇ ನಮ್ಮನ್ನು ಮುಂದಕ್ಕೆ ಕಳಿಸುತ್ತದೆ.

ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ 'ಶಿಕಾರಿ' ಕಾದಂಬರಿಯನ್ನು ಈ ದೃಷ್ಟಿಯಿಂದ ಓದಬಹುದು. ಮುಂಬಯಿಯ ಕಂಪನಿಯೊಂದರಲ್ಲಿ ದುಡಿಯುವ ನಾಗಪ್ಪನ ಕಥೆಗೆ ಆ ಹೆಸರು ನೇರವಾಗಿ ಒಪ್ಪುವುದಿಲ್ಲ. ಆದ್ದರಿಂದ ಯಾರು ಬೇಟೆಗಾರ, ಯಾರು ಬೇಟೆ ಎಂದು ಓದುಗನು ಕೇಳಿಕೊಳ್ಳಲೇಬೇಕಾಗುತ್ತದೆ. ಅಲ್ಲಿ ಸಂಕೇತ ಹುಡುಕದಿರುವುದೇ ಸೋಮಾರಿತನ. ಆದರೆ ಇಂಥ ಒತ್ತಾಯವಿಲ್ಲದ ಕಡೆಗಳಲ್ಲಿಯೂ ಹುಡುಕುವ ಚಟವನ್ನು ನವ್ಯ ಸಾಹಿತ್ಯದ ಕಾಲದ ಪಾಠಗಳು ನಮಗೆ ಅಂಟಿಸಿದವು. ಪದ್ಯದೊಳಕ್ಕೆ ಹೊಕ್ಕ ಹಾವೊಂದು ತರಗತಿ ಮುಗಿಯುವ ತನಕ ಹಾವಾಗಿಯೇ ಉಳಿದದ್ದು ಕಡಿಮೆ.

ಛಾಯಾಚಿತ್ರದ ಕಷ್ಟ ಇನ್ನೂ ಬೇರೆ. ಕಥೆಯಲ್ಲಿ ಒಂದು ಕೊಡೆ ಬಂದಿದ್ದರೆ ಕಥೆಗಾರ ಅದನ್ನು ತಂದಿಟ್ಟಿದ್ದಾನೆಂದು ಧೈರ್ಯವಾಗಿ ಹೇಳಬಹುದು. ಕ್ಯಾಮೆರಾ ಹಾಗಲ್ಲ, ಎದುರಿಗಿದ್ದುದನ್ನೆಲ್ಲ ಬಾಚಿಕೊಳ್ಳುತ್ತದೆ. ಛಾಯಾಗ್ರಾಹಕನ ಆಯ್ಕೆ ಇರುವುದು ನಿಂತ ಜಾಗದಲ್ಲಿ, ಒತ್ತಿದ ಕ್ಷಣದಲ್ಲಿ, ಚೌಕಟ್ಟಿನ ಅಂಚಿನಲ್ಲಿ. ಆದ್ದರಿಂದ ಚಿತ್ರದ ಅರ್ಥವನ್ನು ಬಿಡಿ ವಸ್ತುಗಳಿಗಿಂತ ಅವು ಒಂದೇ ಚೌಕಟ್ಟಿನಲ್ಲಿ ಕೂಡಿದ ರೀತಿಯಲ್ಲಿ ಹುಡುಕುವುದು ಮೇಲು.

2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶವನ್ನೆಲ್ಲ ಸುತ್ತಿತು. ಬರಿಗಾಲು, ಹಾಲಕ್ಕಿ ಸಮುದಾಯದ ಉಡುಗೆ, ಕೊರಳ ತುಂಬ ಮಣಿಸರ. ಬರಿಗಾಲನ್ನು ಕಂಡವರು ಸರಳತೆಯೆಂದರು, ವಿನಯವೆಂದರು, ತ್ಯಾಗವೆಂದೂ ಬರೆದರು. ಅಂಕೋಲೆಯ ಪೇಟೆಯಲ್ಲಿ ತರಕಾರಿ ಬುಟ್ಟಿಯೆದುರು ಕೂತ ಹಾಲಕ್ಕಿ ಹೆಂಗಸರನ್ನು ದಿನವೂ ನೋಡುವ ನಮಗೆ ಆ ಉಡುಗೆ ಯಾವ ಸಂದೇಶವನ್ನೂ ಸಾರುವುದಿಲ್ಲ. ಅದು ಅವರ ನಿತ್ಯದ ಉಡುಗೆ. ಚಿತ್ರಕ್ಕೆ ಅರ್ಥ ಬಂದದ್ದು ಆ ಬರಿಗಾಲು ಆ ಸಭಾಂಗಣದ ನೆಲದ ಮೇಲೆ ಬಿದ್ದುದರಿಂದ, ಅಂದರೆ ಇಷ್ಟು ವರ್ಷ ಅಂಥ ಕಾಲುಗಳು ಅಲ್ಲಿ ಅಪರೂಪವಾಗಿದ್ದುದರಿಂದ. ಹಾಗೆ ಓದಿದರೆ ಚಿತ್ರವು ಆಕೆಯ ಗುಣಕ್ಕಿಂತ ಹೆಚ್ಚಾಗಿ ಆ ಸಭಾಂಗಣದ ಬಗ್ಗೆ ಮಾತಾಡುತ್ತದೆ, ಮತ್ತು ಆ ಓದನ್ನು ನಾನು ಒಪ್ಪುತ್ತೇನೆ. ಸರಳತೆಯ ಓದಿನಲ್ಲಿ ನಷ್ಟವೂ ಇತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಸಸಿ ಬೆಳೆಸಿದ, ತಾಯಿಮರವನ್ನು ಗುರುತಿಸಿ ಸರಿಯಾದ ಸಮಯಕ್ಕೆ ಬೀಜ ಆಯುವುದನ್ನು ಬಲ್ಲ ಒಬ್ಬ ಪರಿಣತೆಯ ಕಸುಬು ಆ ಪಾದಗಳ ಹೊಗಳಿಕೆಯಲ್ಲಿ ಮುಚ್ಚಿಹೋಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಹೆಚ್ಚು ಜನರ ನೆನಪಿಗೆ ಬಂದದ್ದು ಬರಿಗಾಲೇ.

ಬರೆದವನೇ ಯೋಚಿಸದ ಅರ್ಥವನ್ನು ನಾವು ಹೇಳಬಹುದೇ ಎಂಬ ಆಕ್ಷೇಪವೊಂದು ಉಳಿಯುತ್ತದೆ. ಹೇಳಬಹುದು, ಬರೆದವನಿಗೂ ಅದು ತಡವಾಗಿ ಕಾಣಿಸೀತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದ ತರುಣ ರವೀಂದ್ರನಾಥ ಠಾಕೂರರು, ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯ ಪ್ರೀತಿ ಮರಳಿ ಲೋಕಕ್ಕೆ ಎಳೆದು ತರುವ ನಾಟಕವೊಂದನ್ನು ಬರೆದರು. ಸೀಮಿತದಲ್ಲಿಯೇ ಅಸೀಮವನ್ನು ಪಡೆಯುವ ಆನಂದ ತಮ್ಮ ಮುಂದಿನ ಬರಹಗಳಿಗೆಲ್ಲ ವಸ್ತುವಾಯಿತೆಂದೂ ಆ ನಾಟಕ ಅವಕ್ಕೆ ಮುನ್ನುಡಿಯಂತಿತ್ತೆಂದೂ ಅವರು ಹೇಳಿದ್ದು ಎಷ್ಟೋ ವರ್ಷಗಳ ನಂತರದ ಆತ್ಮಕಥನದಲ್ಲಿ. ಅದೇ ಪುಟಗಳಲ್ಲಿ ಅವರು ಗುಡ್ಡಗಳು ಸುತ್ತುವರಿದ ಬಂದರನ್ನು, ಮರಳಿನಂಚಿನ ಗಾಳಿಮರಗಳನ್ನು, ಕಾಳಿ ನದಿ ಕಡಲು ಸೇರುವುದನ್ನು ವರ್ಣಿಸುತ್ತಾರೆ. ಅರ್ಧಚಂದ್ರಾಕಾರದ ಆ ದಡ ಅವರಿಗೆ ಅನಂತವನ್ನು ಅಪ್ಪಲು ತೋಳು ಚಾಚಿದಂತೆ ಕಂಡಿತ್ತು. ಸಮುದ್ರವನ್ನು ಅನಂತವೆನ್ನಲು ಯಾರೂ ಕಾರವಾರಕ್ಕೆ ಬರಬೇಕಾಗಿಲ್ಲ. ಬಾಗಿದ ದಡವನ್ನು ತೋಳುಗಳೆನ್ನಬೇಕಾದರೆ ಈ ದಡದ ಬಾಗನ್ನು ಕಣ್ಣಾರೆ ಕಂಡಿರಬೇಕು, ಮತ್ತು ಠಾಕೂರರು ಕಂಡಿದ್ದರು.