ತಳದ ಸೀರೆ

ದರ್ಜಿಯ ಕತ್ತರಿಯ ಬಾಯಿಂದ ಉದುರುವ ಚೂರುಗಳಲ್ಲಿ ಎರಡು ಜಾತಿ. ಅಂಗೈಯಗಲದ ತುಂಡಿಗೆ ಜೇಬೋ ಒಳಪಟ್ಟಿಯೋ ಏನಾದರೊಂದು ಗತಿ ಕಾಣುತ್ತದೆ. ಎರಡು ಬೆರಳಗಲದ, ಮೊಳದುದ್ದದ ಪಟ್ಟಿಗಳಿಗೆ ಮಾತ್ರ ದಿಕ್ಕಿಲ್ಲ. ಅಂಥವನ್ನು ಚೀಲದಲ್ಲಿ ಕೂಡಿಹಾಕುವ ಚಟ ನನಗೆ ಆಯಿಯಿಂದ, ಅಂದರೆ ಅಜ್ಜಿಯಿಂದ, ಬಂದದ್ದು. ಚೂರು ಕೂಡಿಸಿ ಕೌದಿಯೆಂಬ ಹೊದಿಕೆ ಹೊಲಿಯುವ ಮನೆಗಳಲ್ಲಿ ಇದನ್ನು ಯಾರೂ ಚಟವೆನ್ನುವುದಿಲ್ಲ. ಉಳಿದ ಮನೆಗಳಲ್ಲಿ ಆ ಚೀಲಕ್ಕೆ ಕಸವೆಂದೇ ಹೆಸರು.

ಮೊದಲ ಸಲ ನಾನು ಪಟ್ಟಿಗೆ ಪಟ್ಟಿ ಜೋಡಿಸಿ, ತಳಕ್ಕೆ ಏನನ್ನೂ ಹಾಕದೆ ಮೆಷಿನ್ ಓಡಿಸಿದ್ದೆ. ಹತ್ತು ಪಟ್ಟಿ ಮುಗಿಯುವಷ್ಟರಲ್ಲಿ ಅದು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಯಿತು. ನೂಲಿನ ನೇರಕ್ಕೆ ಕತ್ತರಿಸಿದ ಪಟ್ಟಿ ಎಳೆದರೂ ಜಗ್ಗುವುದಿಲ್ಲ. ಕಂಕುಳ, ಕೊರಳುಗಳ ಬಳಿ ಓರೆಯಾಗಿ ಕತ್ತರಿಸಿದ್ದು ಮುಟ್ಟಿದರೆ ಸಾಕು, ಹಿಗ್ಗುತ್ತದೆ. ಇಂಥ ಇಬ್ಬರನ್ನು ಒಂದೇ ಹೊಲಿಗೆಯಲ್ಲಿ ಕೂಡಿಸಿ ಸುಮ್ಮನಿರಿ ಎಂದರೆ ಅವು ಇರಲಾರವು. ಇಬ್ಬರನ್ನೂ ಹಿಡಿದು ಕೂರಿಸಲು ಕೆಳಗೊಂದು ಬಟ್ಟೆ ಬೇಕು, ಮತ್ತು ಆ ಬಟ್ಟೆಯನ್ನು ಆರಿಸುವುದರಲ್ಲಿಯೇ ಕೌದಿಯ ಅರ್ಧ ಕೆಲಸವಿದೆ.

ಆಯಿ ತಳಕ್ಕೆ ಹಾಕುತ್ತಿದ್ದುದು ಇಳಕಲ್ಲ ಸೀರೆ. ಅದರ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡೂ ಒಂದೇ ವೇಗದಲ್ಲಿ ಸವೆಯುವುದಿಲ್ಲವಾದ್ದರಿಂದ ಸೆರಗನ್ನು ಮೊದಲೇ ಬೇರ್ಪಡಿಸಿ ಎತ್ತಿಡುತ್ತಿದ್ದಳು. ಸೀರೆಯ ಒಂಬತ್ತು ಗಜವೆಂದರೆ 27 ಅಡಿ. ಸೆರಗು ಹೋಗಿ ಉಳಿದದ್ದನ್ನು ನಾಲ್ಕು ಮಡಿಕೆಯಾಗಿ ಹಾಸಿದರೆ ಸುಮಾರು 6 ಅಡಿ ಉದ್ದದ, ಒಬ್ಬರು ಹೊದೆಯುವಷ್ಟು ಹಾಸು ಸಿದ್ಧವಾಗುತ್ತಿತ್ತು. ನಾಲ್ಕು ಮೂಲೆಗೆ ಕಲ್ಲು ಹೇರಿ, ಸುಕ್ಕು ಸವರಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಚೂರುಗಳ ಚೀಲದ ಬಾಯಿ ಬಿಚ್ಚುತ್ತಿದ್ದಳು. ಒಮ್ಮೆ ನಾನು ಹೊಸ ಕೋರಾ ಬಟ್ಟೆಯನ್ನು ಹೆಮ್ಮೆಯಿಂದ ತಂದುಕೊಟ್ಟಾಗ, "ಇದಕ್ಕಿನ್ನೂ ಮೈ ಮುರದಿಲ್ಲವಾ ತಂಗಿ, ತಗದಿಡು" ಎಂದು ಹಿಂದಕ್ಕೆ ಸರಿಸಿದಳು. ಆ ಮಾತು ಅರ್ಥವಾದದ್ದು ಅದೇ ಕೋರಾದ ಮೇಲೆ ಹಟಕ್ಕೆ ಬಿದ್ದು ನಾನೇ ಹೊಲಿದು, ಒಗೆದು, ಹಿಂಡಿದಾಗ. ಒಂದೇ ಒಗೆತಕ್ಕೆ ತಳ ಕುಗ್ಗಿತು. ಈಗಾಗಲೇ ಕುಗ್ಗಿ ಮುಗಿದಿದ್ದ ಮೇಲಿನ ಚೂರುಗಳು ಗುಳ್ಳೆಗುಳ್ಳೆಯಾಗಿ ಎದ್ದು ನಿಂತವು. ಹಾಗೆಂದು ತೀರ ಜೀರ್ಣವಾದ ಸೀರೆಯೂ ಆಗದು, ಅದು ಸೂಜಿಯ ಹಾದಿಗುಂಟ ಹರಿಯುತ್ತದೆ. ಪಾಲಿಯೆಸ್ಟರಿನ ಮಾತಂತೂ ಬೇಡ. ಅದು ಸವೆಯುವುದೂ ಇಲ್ಲ, ಪಳಗುವುದೂ ಇಲ್ಲ.

ಪಟ್ಟಿಗಳನ್ನು ಕೂಡಿಸುವ ಬಗೆ ಹಲವು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಹೊರಟು ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಲ್ಲಿ ಮಡಿಚಿದ ಪುಟ್ಟ ತ್ರಿಕೋನಗಳ ಹೂ ಕೂರದಿದ್ದರೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಅಮೆರಿಕದಲ್ಲಿರುವ ನನ್ನ ತಂಗಿ ಕಲಿತದ್ದು ಬೇರೆ ದಾರಿ. ಅಲ್ಲಿ ಹಳೆಯ ಹಾಸಿಗೆಬಟ್ಟೆಯ ಚೌಕದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿಯಿಟ್ಟು, ಅದರ ಮೇಲೆ ಮುಖಕ್ಕೆ ಮುಖ ತಾಗುವಂತೆ ಎರಡನೆಯದನ್ನು ಬೋರಲು ಹಾಕಿ, ಅಂಚಿನಿಂದ ಕಾಲಿಂಚು ಒಳಗೆ ತಳದ ಸಮೇತ ಹೊಲಿದು, ಮಗುಚಿ, ಉಗುರಿನಿಂದ ತೀಡಿ, ಮತ್ತೊಂದನ್ನು ಇಡುತ್ತಾರೆ. ಎರಡೂ ಬದಿಯ ಹೊಲಿಗೆ ಕಾಲು ಕಾಲು ಇಂಚು ನುಂಗುವುದರಿಂದ ಒಂದಿಂಚಿನ ಪಟ್ಟಿ ಕಣ್ಣಿಗೆ ಕಾಣುವುದು ಅರ್ಧ ಇಂಚು ಮಾತ್ರ. ಚೌಕ ತುಂಬಿದ ಮೇಲೆ ಬೋರಲು ಹಾಕಿ, ತಳದ ಅಳತೆಗೇ ಸುತ್ತ ಕತ್ತರಿಸಿದರೆ ಸೊಟ್ಟವೆಲ್ಲ ನೆಟ್ಟಗಾಗುತ್ತದೆ. ತಳಕ್ಕೆ ಬಟ್ಟೆಯ ಬದಲು ಹಳೆಯ ಪತ್ರಿಕೆಯ ಹಾಳೆಯನ್ನಿಟ್ಟು, ಹೊಲಿಗೆ ಮುಗಿದ ಮೇಲೆ ಅದನ್ನು ಹರಿದು ಬಿಸಾಡುವ ರೂಢಿಯೂ ಅಲ್ಲಿದೆಯಂತೆ. ಕಾಗದ ಸುಲಭವಾಗಿ ಹರಿಯಲೆಂದು ಹೊಲಿಗೆಯನ್ನು ಚಿಕ್ಕಚಿಕ್ಕದಾಗಿ ಹಾಕುವುದು ಜಾಣತನವೆಂದು ಒಪ್ಪುತ್ತೇನೆ; ಆದರೆ ಹತ್ತಿದ ಏಣಿಯನ್ನು ಒದ್ದಂತೆ ಅನ್ನಿಸುವುದನ್ನು ಮಾತ್ರ ತಡೆಯಲಾಗಿಲ್ಲ. ಕೌದಿಯಲ್ಲಿ ತಳ ಉಳಿಯುತ್ತದೆ, ಬೆಚ್ಚಗಿಡುವುದೇ ಅದು.

ಆಯಿಯ ಕೌದಿಯೊಂದರ ಅಂಚು ಈಚೆಗೆ ಬಿಚ್ಚಿಕೊಂಡಿತ್ತು. ಮೇಲಿನ ಚೂರುಗಳೆಲ್ಲ ಬಿಸಿಲಿಗೆ ಬಿಳಚಿ, ಯಾವುದು ಯಾರ ಕುಪ್ಪಸವೆಂದು ಗುರುತು ಹತ್ತದಂತಾಗಿದ್ದರೆ, ಒಳಗಿದ್ದ ಸೀರೆಯ ಕೆಂಪು ದಡಿ ನಿನ್ನೆ ಅಂಗಡಿಯಿಂದ ತಂದಂತಿತ್ತು. ಅದನ್ನು ಕಂಡದ್ದೇ ನನಗೂ ಒಂದು ಹೊಲಿಯುವ ಆಸೆ ಮತ್ತೆ ಹುಟ್ಟಿತು. ಕಪಾಟು ತಡಕಿದರೆ ತಳಕ್ಕಾಗುವ ಒಂದು ಸೀರೆಯೂ ನನ್ನಲ್ಲಿಲ್ಲ. ಇರುವ ಹತ್ತಿಯ ಸೀರೆಗಳನ್ನು ವರ್ಷಕ್ಕೆರಡು ಸಲ ಉಟ್ಟರೆ ಅವು ಯಾವ ಕಾಲಕ್ಕೆ ಮೆತ್ತಗಾದಾವು? ಊರಿಗೆ ಫೋನ್ ಮಾಡಿ ಅವ್ವನ ಹಸಿರು ಇಳಕಲ್ಲ ಸೀರೆಯನ್ನು ಕೇಳಿದೆ. "ಅದನ್ನ ಉಟಗೊಂಡೇ ಮಾತಾಡಾಕತ್ತೇನಿ. ಇನ್ನಾ ಎರಡ ವರ್ಷ ತಡಿ" ಎಂದಳು. ಚೂರುಗಳ ಚೀಲವನ್ನು ಮತ್ತೆ ಅಟ್ಟಕ್ಕೇರಿಸಿದ್ದೇನೆ.