ಕೊನೆಯ 17 ಕಿಲೋಮೀಟರ್

ಬೆಂಗಳೂರಿನಿಂದ ಪ್ಯಾರಿಸ್‌ಗೆ ಏಳು ಸಾವಿರ ಕಿಲೋಮೀಟರಿಗೂ ಜಾಸ್ತಿ. ಅದೇನೂ ಕಷ್ಟ ಆಗಲಿಲ್ಲ. ಪ್ಯಾರಿಸ್‌ನಿಂದ ಅವಿನ್ಯೋನ್‌ಗೆ ಹೆಚ್ಚುಕಮ್ಮಿ 700. ಅದೂ ಕಷ್ಟ ಆಗಲಿಲ್ಲ. ಕವಾಯೋನ್ ಅನ್ನೋ ಸಣ್ಣ ಊರಿನಿಂದ ಗೋರ್ಡ್ ಅನ್ನೋ ಇನ್ನೂ ಸಣ್ಣ ಊರಿಗೆ ಬರೀ 17. ಅಲ್ಲಿ ಸಿಕ್ಕಿಹಾಕಿಕೊಂಡೆವು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿ ಮಲಗಿದರೆ ಬೆಳಗ್ಗೆ ತೀರ್ಥಹಳ್ಳಿ. ಪ್ರಯಾಣ ಶುರುವಾಗುವುದೇ ಅಲ್ಲಿಂದ. ಮನೆಗೆ ಇನ್ನೂ ಆರು ಕಿಲೋಮೀಟರ್. ಎಂಟೂವರೆಗೆ ಒಂದು ಬಸ್ಸಿದೆ, ಆದರೆ ಅದು ಇವತ್ತು ಬರುತ್ತೋ ಇಲ್ಲವೋ ಎಂದು ಕ್ಯಾಂಟೀನಿನವನನ್ನು ಕೇಳಬೇಕು. ಬರದಿದ್ದರೆ ಅಡಿಕೆ ಮೂಟೆ ಹಾಕಿಕೊಂಡು ಹೋಗುವ ಯಾರದಾದರೂ ಜೀಪಿಗೆ ಕೈ ಅಡ್ಡ ಹಾಕಬೇಕು. ಹಳ್ಳಿ ಅಂದರೆ ಎಲ್ಲ ಕಡೆ ಹಳ್ಳಿಯೇ ಅಲ್ವಾ? ಫ್ರಾನ್ಸಿನ ಹಳ್ಳಿ ಮಾತ್ರ ಬೇರೆ ಇರುತ್ತದೆ ಅಂತ ನಾನು ಯಾಕೆ ಅಂದುಕೊಂಡೆನೋ.

ಇದೆಲ್ಲ ಶುರುವಾಗಿದ್ದು ಒಂದು ಫೋಟೋದಿಂದ. ನನ್ನ ಹೆಂಡತಿ ಒಂದು ರಾತ್ರಿ ಫೋನನ್ನು ನನ್ನ ಮೂಗಿನವರೆಗೆ ತಂದು ಹಿಡಿದಳು. ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣದ ಸಾಲು ಸಾಲು ಹೂವು, ಮಧ್ಯದಲ್ಲಿ ಒಂದು ಕಲ್ಲಿನ ಮನೆ. "ರೀ, ಲ್ಯಾವೆಂಡರ್. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಅಂತೆ. ಐವತ್ತು ತುಂಬೋದ್ರೊಳಗೆ ಒಂದ್ಸಲ ಇದರ ಮಧ್ಯೆ ನಿಂತ್ಕೋಬೇಕು." ಅವಳಿಗೆ ಐವತ್ತು ತುಂಬಲು ಇನ್ನೂ ನಾಲ್ಕು ವರ್ಷ ಇತ್ತು. ಆದರೆ ಅವಳ ದನಿಯಲ್ಲಿ ಅಷ್ಟು ಕಾಲಾವಕಾಶ ಕಾಣಲಿಲ್ಲ.

ಮರುದಿನವೇ ನಾನು ಎಕ್ಸೆಲ್ ಶೀಟ್ ತೆರೆದೆ. ವಿಮಾನಕ್ಕೆ ನೀಲಿ, ರೈಲಿಗೆ ಹಸಿರು, ಕಾರಿಗೆ ಹಳದಿ. ಊಟಕ್ಕೆ ಬಣ್ಣ ಸಾಲದೆ ಬಿಟ್ಟೆ. ಜರ್ಮನಿಯಲ್ಲಿರುವ ನನ್ನ ಭಾವಮೈದ ಪ್ರತಿ ಭಾನುವಾರ ಫೋನ್ ಮಾಡಿ, "ಭಾವ, ನೀವೇನೂ ತಲೆ ಕೆಡಿಸ್ಕೋಬೇಡಿ" ಅನ್ನುತ್ತಿದ್ದ. ಆಮೇಲೆ ಒಂದು ಗಂಟೆ ತಲೆ ಕೆಡಿಸುತ್ತಿದ್ದ.

ಮೊದಲನೆಯದು ವಿಮಾನ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರವಾಗಿ ಹೋಗಬಹುದು. ಗಲ್ಫ್‌ನಲ್ಲಿ ಇಳಿದು ಹತ್ತಿದರೆ ಸ್ವಲ್ಪ ಅಗ್ಗ. ಎಷ್ಟು ಅಗ್ಗ ಅಂದರೆ, ಅಲ್ಲಿ ಕಾಯುವ ಆರು ಗಂಟೆಯಲ್ಲಿ ಮೂರು ಜನ ಕಾಫಿ ಕುಡಿದು ಮುಗಿಸುವಷ್ಟು. ನೇರ ವಿಮಾನಕ್ಕೇ ಮನಸ್ಸು ಮಾಡಿದೆ. ಅಲ್ಲಿಂದ ದಕ್ಷಿಣಕ್ಕೆ? ಅಂತರ್ಜಾಲದಲ್ಲಿ ಒಂದು ವಿಮಾನದ ಟಿಕೆಟ್ ಸಿಕ್ಕಿತು. ನಮ್ಮ ಏರಿಯಾದಿಂದ ದೇವನಹಳ್ಳಿಗೆ ಟ್ಯಾಕ್ಸಿಗೆ ಕೊಡುವುದಕ್ಕಿಂತ ಕಡಿಮೆ ಬೆಲೆ. 'ಪ್ಯಾರಿಸ್ ಬೋವೆ' ವಿಮಾನ ನಿಲ್ದಾಣದಿಂದ ಅಂತ ಬರೆದಿತ್ತು. ಖುಷಿಯಿಂದ ಭಾವಮೈದನಿಗೆ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಭಾವ, ಬೋವೆ ಪ್ಯಾರಿಸ್‌ನಿಂದ 80 ಕಿಲೋಮೀಟರ್ ಆಚೆ ಇದೆ" ಅಂದ. ಅಂದರೆ ತುಮಕೂರು ದಾಟಿ ಮುಂದೆ ಎಲ್ಲೋ ಒಂದು ವಿಮಾನ ನಿಲ್ದಾಣ ಕಟ್ಟಿ, ಅದಕ್ಕೆ ಬೆಂಗಳೂರು ಅಂತ ಹೆಸರಿಟ್ಟ ಹಾಗೆ. ಯುರೋಪಿನ ಅಗ್ಗದ ವಿಮಾನಗಳಿಗೆ ಇದು ಮಾಮೂಲಂತೆ. ಫ್ರಾಂಕ್‌ಫರ್ಟ್ ಹಾನ್ ಅನ್ನೋದು ಫ್ರಾಂಕ್‌ಫರ್ಟ್‌ನಿಂದ 100 ಕಿಲೋಮೀಟರಿಗೂ ಜಾಸ್ತಿ ದೂರ. ದೇವನಹಳ್ಳಿಯನ್ನು ಬೈಯುವುದನ್ನು ನಾನು ಅವತ್ತೇ ಬಿಟ್ಟೆ.

ಹಾಗಾಗಿ ರೈಲು. ಪ್ಯಾರಿಸ್‌ನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಕೆಳಗೇ ರೈಲು ನಿಲ್ದಾಣ ಇದೆ. ಗಂಟೆಗೆ 300 ಕಿಲೋಮೀಟರ್ ಓಡುವ ಟಿಜಿವಿ ಅಲ್ಲಿಂದಲೇ ಹೊರಟು ಪ್ಯಾರಿಸ್ ಊರೊಳಗೆ ಹೋಗದೆ ಸೀದಾ ಅವಿನ್ಯೋನ್‌ಗೆ ಬಿಡುತ್ತದೆ. ಇದು ಗೊತ್ತಾಗುವ ಮೊದಲು ನಾನು ಬೇರೆ ರೈಲೊಂದನ್ನು ನೋಡಿದ್ದೆ. ಮಗಳು ಹಿಂದಿನಿಂದ ಬಗ್ಗಿ ನೋಡಿ, "ಅಪ್ಪಾ, ಇದು ಲಿಯೋನ್ ಸ್ಟೇಷನ್ನಿಂದ ಅಂತಿದೆ. ಲಿಯೋನ್ ಬೇರೆ ಊರು ಅಲ್ವಾ?" ಅಂದಳು. ಎದೆ ಧಸಕ್ ಅಂತು. ಆಮೇಲೆ ಗೊತ್ತಾಯಿತು, 'ಗಾರ್ ದ ಲಿಯೋನ್' ಇರುವುದು ಪ್ಯಾರಿಸ್‌ನಲ್ಲೇ. ಲಿಯೋನ್ ಕಡೆಗೆ ಹೋಗುವ ರೈಲು ಅಲ್ಲಿಂದ ಹೊರಡುತ್ತದೆ, ಅದಕ್ಕೆ ಆ ಹೆಸರು. ನಗುವ ಹಾಗಿಲ್ಲ. ಮೈಸೂರು ರಸ್ತೆ ಬಸ್ ನಿಲ್ದಾಣ ಹುಡುಕಿಕೊಂಡು ಯಾರಾದರೂ ಫ್ರೆಂಚರು ಮೈಸೂರಿಗೆ ಹೋಗಿದ್ದರೂ ಹೋಗಿರಬಹುದು.

ಇನ್ನು ವೀಸಾ. ವೀಸಾಕ್ಕೆ ಅರ್ಜಿ ಹಾಕಲು ವಿಮಾನ, ವಸತಿ, ಓಡಾಟ ಎಲ್ಲದರ ಬುಕಿಂಗ್ ತೋರಿಸಬೇಕು. ವೀಸಾ ಬರುವವರೆಗೆ ದುಡ್ಡು ಕೊಟ್ಟು ಏನನ್ನೂ ಬುಕ್ ಮಾಡಬೇಡಿ ಅಂತ ಬುದ್ಧಿವಂತರೆಲ್ಲ ಹೇಳುತ್ತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. 30,000 ಯೂರೋ ವಿಮೆ ಮಾಡಿಸಿ, ತಲೆಗೆ 90 ಯೂರೋ ಶುಲ್ಕ ಕಟ್ಟಿ, ಫೋಟೋದಲ್ಲಿ ಕಳ್ಳರ ಹಾಗೆ ಕಂಡು, ಅಂತೂ ವೀಸಾ ಬಂತು. ಅವತ್ತು ರಾತ್ರಿಯೇ ರಿಯಾಯಿತಿ ಟಿಕೆಟ್‌ಗಳನ್ನು ಪಟಪಟ ಖರೀದಿ ಮಾಡಿದೆ. ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಬರದಂಥವು. ಮಗಳ ಶಾಲೆ ಜೂನ್ ಹೊತ್ತಿಗೆ ಶುರು, ಅದಕ್ಕೇ ಮೇ ಎರಡನೇ ವಾರ.

ಟಿಕೆಟ್ ತೆಗೆದ ಮೂರನೇ ದಿನ, ಅಲ್ಲಿ ಸ್ವೆಟರ್ ಬೇಕಾ ಅಂತ ಹುಡುಕುತ್ತಿದ್ದೆ. ಸ್ವೆಟರ್ ವಿಷಯದ ಕೆಳಗೆ ಒಂದು ಸಾಲು ಇತ್ತು. ಪ್ರೊವಾನ್ಸ್‌ನಲ್ಲಿ ಲ್ಯಾವೆಂಡರ್ ಅರಳುವುದು ಜೂನ್ ಕೊನೆಯಿಂದ ಜುಲೈವರೆಗೆ.

ಇನ್ನೊಮ್ಮೆ ಓದಿದೆ. ಸಾಲು ಹಾಗೇ ಇತ್ತು. ಮೇ ತಿಂಗಳಲ್ಲಿ ಅಲ್ಲಿ ಇರುವುದು ಬೂದು ಹಸಿರು ಬಣ್ಣದ ಕುರುಚಲು ಗಿಡ.

ಹೆಂಡತಿಗೆ ಹೇಳಲಿಲ್ಲ. ಮದುವೆಯಾಗಿ 19 ವರ್ಷ. ಯಾವುದನ್ನು ಹೇಳಬೇಕು ಅನ್ನೋದು ನನಗಿನ್ನೂ ಗೊತ್ತಾಗಿಲ್ಲ, ಯಾವುದನ್ನು ಹೇಳಬಾರದು ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಎಕ್ಸೆಲ್ ಶೀಟ್‌ನಲ್ಲಿ ನಾನು ಹೂವಿಗೆ ಒಂದು ಕಾಲಮ್ಮನ್ನೇ ಇಟ್ಟಿರಲಿಲ್ಲ ನೋಡಿ. ರೈಲು ಎಷ್ಟು ಹೊತ್ತಿಗೆ, ಕಾರು ಎಷ್ಟು ಹೊತ್ತಿಗೆ, ಎಲ್ಲ ನಿಮಿಷದ ಲೆಕ್ಕ. ಹೂವು ಎಷ್ಟು ಹೊತ್ತಿಗೆ ಅಂತ ಯಾರೂ ಕೇಳಲಿಲ್ಲ.

ಆ ಅಪರಾಧಿ ಭಾವನೆಯಲ್ಲಿ ಕಾರಿನ ಕಡೆ ಜಾಸ್ತಿ ಗಮನ ಕೊಟ್ಟೆ. ಹಳ್ಳಿಗಾಡಿನಲ್ಲಿ ಕಾರಿಲ್ಲದೆ ಆಗಲ್ಲ ಅಂತ ಭಾವಮೈದ ಹೇಳಿದ್ದ. ಆಟೋಮ್ಯಾಟಿಕ್ ಕಾರಿನ ಬಾಡಿಗೆ ದುಬಾರಿ, ಗೇರಿನದು ಅಗ್ಗ. ಆರ್‌ಟಿಒಗೆ ಹೋಗಿ 1,000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದೆ. ಬೂದು ಬಣ್ಣದ ಪುಸ್ತಕ ಒಂದು ವರ್ಷ ನಡೆಯುತ್ತದೆ. ಉಳಿದಿದ್ದು ಅಭ್ಯಾಸ. ಅಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು. ಸ್ಟೀರಿಂಗ್ ಎಡಕ್ಕೆ. ಗೇರು ಬಲಗೈಯಲ್ಲಿ. ಇಂಡಿಕೇಟರ್ ಎಡಗೈಯಲ್ಲಿ. ನಮ್ಮ ಮನೆಯ ಮಾರುತಿಯಲ್ಲಿ ಎಲ್ಲ ಉಲ್ಟಾ.

ಹೆಂಡತಿ ಮಂಡ್ಯದವಳು. ಹಾಗಾಗಿ ಮನೆಯಲ್ಲಿ ಒಳ್ಳೆಯ ಮುದ್ದೆ ಕೋಲು ಇದೆ. ಊಟದ ಕುರ್ಚಿಯ ಬಲಗಡೆ ಖಾಲಿ ಡಬ್ಬವಿಟ್ಟು ಅದರಲ್ಲಿ ಮುದ್ದೆ ಕೋಲು ನಿಲ್ಲಿಸಿದರೆ ಗೇರು. ಮುಂದೆ ಅನ್ನದ ಪಾತ್ರೆಯ ಮುಚ್ಚಳ ಹಿಡಿದರೆ ಸ್ಟೀರಿಂಗ್. ದಿನಾ ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ಓಡಿಸುತ್ತಿದ್ದೆ. ಮಗಳು ಸೋಫಾದ ಮೇಲೆ ಕೂತು, "ಅಪ್ಪಾ, ಸರ್ಕಲ್ ಬಂತು" ಅನ್ನುವಳು. ಅಲ್ಲಿ ಸರ್ಕಲ್ಲನ್ನು ಅಪ್ರದಕ್ಷಿಣೆ ಸುತ್ತಬೇಕು, ಒಳಗಿರುವ ಗಾಡಿಗೆ ಮೊದಲು ದಾರಿ ಬಿಡಬೇಕು. ನಾನು ಎರಡನೇ ಗೇರಿಗೆ ಇಳಿಸುತ್ತಿದ್ದೆ. ಒಂದು ದಿನ ಐದನೇ ಗೇರಿನಲ್ಲಿರುವಾಗ ಹೆಂಡತಿ ಬಂದು, "ಹಿಟ್ಟು ಗಂಟಾಗ್ತಿದೆ, ಕೋಲು ಕೊಡಿ" ಅಂತ ಕಿತ್ತುಕೊಂಡು ಹೋದಳು. ಹೆದ್ದಾರಿಯ ಮಧ್ಯೆ ನಿಂತೆ.

ಹೊರಟ ಮೇಲೆ ಎಲ್ಲ ಎಕ್ಸೆಲ್ ಪ್ರಕಾರವೇ ನಡೆಯಿತು. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಇಮಿಗ್ರೇಷನ್ ಸಾಲು ಉದ್ದ ಇದ್ದರೂ ರೈಲು ಸಿಕ್ಕಿತು. ಕಿಟಕಿಯಾಚೆ ಫ್ರಾನ್ಸು ಸರ್ರನೆ ಹಿಂದಕ್ಕೆ ಓಡಿತು. ಅವಿನ್ಯೋನ್ ಟಿಜಿವಿ ನಿಲ್ದಾಣದಲ್ಲಿ ಇಳಿದು, ಕಾರು ಬಾಡಿಗೆಯ ಕೌಂಟರಿಗೆ ಎದೆಯುಬ್ಬಿಸಿಕೊಂಡು ಹೋಗಿ ಪರವಾನಗಿ ಪುಸ್ತಕ ಇಟ್ಟೆ.

ಕೌಂಟರಿನ ಹುಡುಗ ಚೆನ್ನಾಗಿಯೇ ಮಾತಾಡಿದ. ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ ಅಂದ. ಮೊದಲೇ ಯೂರೋ ತುಂಬಿಸಿಟ್ಟಿದ್ದ ಫಾರೆಕ್ಸ್ ಕಾರ್ಡ್ ಕೊಟ್ಟೆ. ಇದು ಆಗಲ್ಲ, ಕ್ರೆಡಿಟ್ ಕಾರ್ಡೇ ಬೇಕು ಅಂದ. ಹೆಂಡತಿ ವ್ಯಾನಿಟಿ ಬ್ಯಾಗಿನಿಂದ ತನ್ನ ಕಾರ್ಡ್ ತೆಗೆದು ಕೊಟ್ಟಳು. ಹುಡುಗನ ಮುಖ ಅರಳಿತು. "ಹಾಗಾದರೆ ಮೇಡಂ ಓಡಿಸುತ್ತಾರಾ?"

ಮೇಡಂಗೆ ಸ್ಕೂಟಿ ಲೈಸೆನ್ಸ್ ಕೂಡ ಇಲ್ಲ.

ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರೇ ಮುಖ್ಯ ಚಾಲಕ ಆಗಿರಬೇಕಂತೆ. ಅದು ಬುಕಿಂಗ್ ಕಾಗದದಲ್ಲಿ ಬರೆದೂ ಇತ್ತು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ನನ್ನ ಹೆಸರಿನ ಕ್ರೆಡಿಟ್ ಕಾರ್ಡ್ ಒಂದು ಇತ್ತು. ಮೂರು ವರ್ಷದ ಹಿಂದೆ, ಆನ್‌ಲೈನಿನಲ್ಲಿ ನಾನು ಒಂದು ಟ್ರೆಡ್‌ಮಿಲ್ ಕೊಂಡ ಮೇಲೆ, ಹೆಂಡತಿಯೇ ಅದನ್ನು ಕತ್ತರಿಯಿಂದ ಎರಡು ತುಂಡು ಮಾಡಿದ್ದಳು. ಈಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಏನೂ ಹೇಳಲಿಲ್ಲ. ಆ ಟ್ರೆಡ್‌ಮಿಲ್ ಮೇಲೆ ಈಗ ಬಟ್ಟೆ ಒಣಗುತ್ತದೆ.

"ಹೋಗ್ಲಿ ಬಿಡಿ, ಬಸ್ಸಲ್ಲಿ ಹೋಗೋಣ" ಅಂದೆ, ಬಸ್ಸಿನ ಪುಟ ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಧೈರ್ಯದಲ್ಲಿ. ಅವಿನ್ಯೋನ್‌ಗೆ ಎರಡು ರೈಲು ನಿಲ್ದಾಣ. ಟಿಜಿವಿ ನಿಲ್ದಾಣ ಊರ ಹೊರಗೆ, ಸೆಂಟ್ರಲ್ ಊರೊಳಗೆ. ನಡುವೆ ಐದು ನಿಮಿಷದ ಸಣ್ಣ ರೈಲು. ಸೆಂಟ್ರಲ್‌ನ ಅಂಗಡಿಯಲ್ಲಿ ಊರಿನ ಹೆಸರಾಂತ ಸೇತುವೆಯ ಪೋಸ್ಟ್‌ಕಾರ್ಡ್ ಕಂಡಿತು. ಒಂದು ಕಾಲಕ್ಕೆ 22 ಕಮಾನು ಇದ್ದದ್ದರಲ್ಲಿ ಈಗ ನಾಲ್ಕೇ ಉಳಿದಿವೆ. ರೋನ್ ನದಿಯ ಮೇಲೆ ಸ್ವಲ್ಪ ದೂರ ಹೋಗಿ ಗಪ್ಪನೆ ನಿಂತುಬಿಡುತ್ತದೆ. ಯಾಕೋ ತುಂಬ ಪರಿಚಯದ್ದು ಅನ್ನಿಸಿತು. ಎರಡು ಕಾರ್ಡ್ ಕೊಂಡೆ.

ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಕವಾಯೋನ್. ನಾನು ಊರಿನ ಹೆಸರನ್ನು ಬರೆದ ಹಾಗೇ 'ಕವಾಯಿಲ್ಲನ್' ಅಂತ ಓದುತ್ತಿದ್ದುದರಿಂದ ಟಿಕೆಟ್ ಕೊಡುವಾಕೆಗೆ ನಾಲ್ಕು ಸಲ ಹೇಳಬೇಕಾಯಿತು. ಕವಾಯೋನ್ ಕರ್ಬೂಜ ಹಣ್ಣಿಗೆ ಪ್ರಸಿದ್ಧ. ನಾವು ಇಳಿದಾಗ ಸಂಜೆ ಆರು. ಊರಿನಲ್ಲಿ ಹಣ್ಣೂ ಇರಲಿಲ್ಲ, ಜನವೂ ಇರಲಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹರತಾಳದ ದಿನ ತೀರ್ಥಹಳ್ಳಿ ಪೇಟೆ ಇರುವ ಹಾಗೆ.

ಬಸ್ ನಿಲ್ದಾಣದಲ್ಲಿ ವೇಳಾಪಟ್ಟಿ ಅಂಟಿಸಿದ್ದರು. ಗೋರ್ಡ್‌ಗೆ ಸಂಜೆಯ ಬಸ್ಸು ಇತ್ತು. ಅದರ ಪಕ್ಕದಲ್ಲಿ 'ಸೋಫ್ ದಿಮಾಂಶ್ ಎ ಜೂರ್ ಫೆರಿಯೆ'. ಎಸ್, ಎ, ಯು, ಎಫ್. ದಿಮಾಂಶ್ ಭಾನುವಾರ, ಜೂರ್ ಫೆರಿಯೆ ರಜಾದಿನ, ಇಷ್ಟು ನಾನು ಮನೆಯಲ್ಲೇ ಕಲಿತಿದ್ದೆ. ಸೋಫ್ ಅಂದರೆ ಸೇಫ್ ಇರಬೇಕು ಅಂದುಕೊಂಡೆ. "ಭಾನುವಾರ, ಹಬ್ಬದ ದಿನ ಕೂಡ ಈ ಬಸ್ಸು ಸೇಫ್. ಗ್ಯಾರಂಟಿ ಬರುತ್ತೆ" ಅಂತ ಹೆಂಡತಿಗೆ ಧೈರ್ಯ ಹೇಳಿದೆ. ಮೂವರೂ ಸೂಟ್‌ಕೇಸ್ ಮೇಲೆ ಕೂತು ಚಟ್ನಿಪುಡಿ ಹಚ್ಚಿದ ಚಪಾತಿ ತಿಂದೆವು.

ಏಳು ಗಂಟೆ ಆಯಿತು. ಬಸ್ಸು ಇಲ್ಲ. ನಾಯಿ ಕರೆದುಕೊಂಡು ವಾಕಿಂಗ್ ಬಂದ ಮುದುಕರೊಬ್ಬರು ನಮ್ಮನ್ನು ನೋಡಿ, ವೇಳಾಪಟ್ಟಿ ನೋಡಿ, ಮತ್ತೆ ನಮ್ಮನ್ನು ನೋಡಿದರು. 'ಸೋಫ್' ಮೇಲೆ ಬೆರಳಿಟ್ಟು ಎರಡೂ ಕೈಯಲ್ಲಿ ಇಲ್ಲ ಇಲ್ಲ ಅಂತ ಆಡಿಸಿದರು. ಸೋಫ್ ಅಂದರೆ 'ಬಿಟ್ಟು'. ಭಾನುವಾರ, ರಜಾದಿನ ಬಿಟ್ಟು.

"ಆದರೆ ಇವತ್ತು ಭಾನುವಾರ ಅಲ್ಲವಲ್ಲ!" ಅಂದೆ ಕನ್ನಡದಲ್ಲೇ. ಸಿಟ್ಟು ಬಂದಾಗ ನನಗೆ ಬೇರೆ ಭಾಷೆ ಬರಲ್ಲ.

ಮಗಳು ಫೋನಿನಿಂದ ತಲೆ ಎತ್ತಿದಳು. "ಅಪ್ಪಾ, ಇವತ್ತು ಮೇ 8. 1945ರಲ್ಲಿ ಯುರೋಪಲ್ಲಿ ಯುದ್ಧ ಮುಗಿದ ದಿನ. ನಮ್ಮ ಹಿಸ್ಟರಿಲಿ ಇತ್ತು. ಇಲ್ಲಿ ರಜಾ." ಹಿಸ್ಟರಿಯಲ್ಲಿ ಅವಳಿಗೆ ಅರವತ್ತೆರಡು ಬಂದಾಗ ನಾನು ಬೈದಿದ್ದೆ. ಫ್ರಾನ್ಸಿನಲ್ಲಿ ಮೇ 1 ರಜಾ, ಮೇ 8 ರಜಾ, ಅದರ ಮೇಲೆ ಎಷ್ಟೋ ವರ್ಷ ಏಸುವಿನ ಸ್ವರ್ಗಾರೋಹಣದ ಗುರುವಾರವೂ ಇದೇ ತಿಂಗಳು ಬೀಳುತ್ತದೆ. ಇಡೀ ವರ್ಷದಲ್ಲಿ ಹೂವೂ ಇಲ್ಲದ, ಬಸ್ಸೂ ಇಲ್ಲದ ವಾರ ಆರಿಸಿ ತೆಗೆದಿದ್ದೆ.

ಟ್ಯಾಕ್ಸಿ ಆಪ್ ತೆರೆದೆ. ನಕ್ಷೆಯ ಮೇಲೆ ನಾವು ಒಂದು ನೀಲಿ ಚುಕ್ಕೆ. ಸುತ್ತ ಒಂದೂ ಗಾಡಿಯಿಲ್ಲ. ಆ ಕಡೆ ಟ್ಯಾಕ್ಸಿ ಬೇಕಾದರೆ ಮೊದಲೇ ಫೋನ್ ಮಾಡಿ ಗೊತ್ತುಮಾಡಬೇಕಂತೆ. ಕೈ ಅಡ್ಡ ಹಾಕೋಣ ಅಂದರೆ ಜೀಪೂ ಇಲ್ಲ, ಅಡಿಕೆ ಮೂಟೆಯೂ ಇಲ್ಲ. ಕೊನೆಗೆ ಮಗಳೇ ನಾವು ಉಳಿಯಬೇಕಿದ್ದ ಮನೆಗೆ ಫೋನ್ ಮಾಡಿ, ಅನುವಾದದ ಆಪ್ ಹಿಡಿದು ಏನೇನೋ ಮಾತಾಡಿದಳು. ಮುಕ್ಕಾಲು ಗಂಟೆಯಲ್ಲಿ ಒಂದು ಹಳೇ ಬಿಳಿ ಕಾರು ಬಂತು. ಇಳಿದವರು ಮನೆಯೊಡತಿ, ಎಪ್ಪತ್ತರ ಅಜ್ಜಿ. ಏಪ್ರನ್ ಬಿಚ್ಚಲೂ ಮರೆತು ಬಂದಿದ್ದರು. ಮೂರೂ ಸೂಟ್‌ಕೇಸನ್ನು ತಾವೇ ಎತ್ತಿ ಡಿಕ್ಕಿಗೆ ಒಗೆದರು. ಗಂಟೆ ಎಂಟಾಗುತ್ತಾ ಬಂದಿತ್ತು, ಇನ್ನೂ ಬಿಸಿಲಿತ್ತು.

ನನ್ನ ಹೆಂಡತಿಗೆ ಈ ಅಜ್ಜಿಯನ್ನು ಕಂಡು ಹೋದ ಜೀವ ಬಂತು. ತಕ್ಷಣ ಫೋನ್ ತೆಗೆದು ಆ ನೇರಳೆ ಫೋಟೋ ತೋರಿಸಿ, ನಾಳೆ, ನಾಳೆ ಅಂತ ಕೈಸನ್ನೆ ಮಾಡಿದಳು. ಅಜ್ಜಿ ಫೋಟೋ ನೋಡಿ ಮರುಕದಿಂದ ತಲೆ ಆಡಿಸಿ ಏನೋ ಉದ್ದಕ್ಕೆ ಹೇಳಿದರು. ನನಗೆ 'ಜ್ವಿಯೆ' ಅನ್ನೋದೊಂದು ಕೇಳಿತು. ಮಗಳು ಆಪ್ ಹಿಡಿದಿದ್ದಳು. ಹಿಡಿಯಬೇಡ ಅನ್ನುವಷ್ಟರಲ್ಲಿ ಅದು, ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗೆ, ಸ್ವಚ್ಛ ಕನ್ನಡದಲ್ಲಿ, ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಉಲಿಯಿತು: "ಲ್ಯಾವೆಂಡರ್ ಹೂವುಗಳು ಜುಲೈ ತಿಂಗಳಿನಲ್ಲಿ ಅರಳುತ್ತವೆ. ನಿಮ್ಮ ಪತಿ ಈ ವಿಷಯವನ್ನು ಇಮೇಲ್‌ನಲ್ಲಿ ಕೇಳಿದ್ದರು."

ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ರೀ..."

ಮುಂದಿನದನ್ನು ಕೇಳುವ ಧೈರ್ಯ ಇರಲಿಲ್ಲ. ಮುಂದಿನ ಎಡಗಡೆ ಬಾಗಿಲು ತೆಗೆದು ಒಳಗೆ ಕೂತು ದಢಾರನೆ ಹಾಕಿಕೊಂಡೆ. ಊರಲ್ಲಿ ಯಾರ ಕಾರು ಹತ್ತಿದರೂ ನಾನು ಕೂರುವ ಜಾಗವೇ ಅದು. ಸೀಟ್ ಬೆಲ್ಟ್ ಎಳೆದುಕೊಂಡು ನೇರ ಮುಂದೆ ನೋಡಿದೆ. ಮುಂದೆ ಸ್ಟೀರಿಂಗ್ ಇತ್ತು.

ಅಜ್ಜಿ ಕಿಟಕಿಯ ಆಚೆ ಕೀಲಿ ಹಿಡಿದುಕೊಂಡು ನಿಂತಿದ್ದರು. ಅವರ ಪಕ್ಕ ಹೆಂಡತಿ. ಮಗಳು ಬಗ್ಗಿ ಕಿಟಕಿಯೊಳಗೆ ಇಣುಕಿದಳು.

"ಅಪ್ಪಾ, ಮುದ್ದೆ ಕೋಲು ತಂದಿಲ್ವಲ್ಲಾ."